ಕಂಡಿಕೆ ಸುತ್ತುವ ಶಂಕ್ರವ್ವ

ಹನುಮಸಾಗರಕ್ಕೆ ಹೋದ ಮೊದಲ ಭಾನುವಾರ ತಲೆಗೆ ನೀರೆರೆದುಕೊಂಡು ಕೂದಲು ಹರವಿ ಬಿಸಿಲಿಗೆ ಕುಳಿತಿದ್ದೆ. ನಾಲ್ಕೈದು ಹುಡುಗಿಯರು ಪಾಟಿ ಹಿಡಿದು ಅಂಗಳಕ್ಕೆ ಬಂದರು.

"ಅಕ್ಕೋರ, ಸಾಲಿ ಕೀಲಿ ತಗೀರಿ! ಹೊತ್ತಾತು!"

ನಿಜಾಮರ ಸೀಮೆಯಲ್ಲಿ ವಾರದ ರಜೆ ಶುಕ್ರವಾರ. ಎರಡು ದಿನದ ಹಿಂದೆ ಒಂದು ಮಗುವೂ ಬಾರದ ಶಾಲೆಯಲ್ಲಿ ಒಬ್ಬಳೇ ಕುಳಿತು, ಎಂಥ ಸೋಮಾರಿ ಊರಪ್ಪಾ ಎಂದು ಬೈದುಕೊಂಡದ್ದು ನೆನಪಾಗಿ ನಗು ಬಂತು.

ಮೈಸೂರಿನಲ್ಲಿ ತರಬೇತಿ ಮುಗಿಸಿ, ಊರಿನವರೇ ನಡೆಸುತ್ತಿದ್ದ ಆ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋಗಿದ್ದೆ. ಕುಷ್ಟಗಿಯವರೆಗೆ ಮೋಟಾರು, ಮುಂದೆ ಚಕ್ಕಡಿ. ನಮ್ಮಲ್ಲಿ ಅನ್ನ ಸಾರು, ಅಲ್ಲಿ ಜೋಳದ ರೊಟ್ಟಿ. ನಾನು ತಟ್ಟಿದ್ದು ಹಂಚಿಗೆ ಹೋಗುವ ಮೊದಲೇ ಎರಡು ಹೋಳಾಗುತ್ತಿತ್ತು. ಸಂಜೆಯಾದರೆ ಅಳು. ಎದುರು ಮನೆಯ ನೇಕಾರಗಿತ್ತಿ ನೀಲವ್ವ ಬಿಸಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟು, "ಉಣ್ರಿ ಅಕ್ಕೋರ, ಭಾಳ ಸೊರಗೀರಿ" ಎನ್ನುತ್ತಿದ್ದಳು. ಪುಂಡಿಯೆಂಬ ಆ ಹುಳಿಸೊಪ್ಪನ್ನು ನೆನೆದರೆ ಈಗಲೂ ಬಾಯಲ್ಲಿ ನೀರೂರುತ್ತದೆ.

ತರಬೇತಿಯಲ್ಲಿ ನಮಗೊಂದು ಪಾಠ ಬರೆಸಿದ್ದರು: ಮಕ್ಕಳನ್ನು ದುಡಿಸುವವರು ಕಲ್ಲೆದೆಯವರು. ಅದನ್ನೇ ತರಗತಿಯಲ್ಲಿ ಚಾಚೂ ತಪ್ಪದೆ ಒಪ್ಪಿಸಿ, ಮನೆಯಲ್ಲಿ ಯಾರು ಯಾರು ದುಡಿಯುತ್ತೀರಿ ಎಂದು ಕೇಳಿದೆ. ಬಾಡಿದ ಮುಖಗಳಿಗಾಗಿ ಕಾದಿದ್ದೆ. ಎಲ್ಲ ಕೈಗಳೂ ಜಂಬದಿಂದ ಮೇಲೆದ್ದವು.

"ನಾ ಹತ್ತಿ ಬಿಡಸ್ತೀನ್ರಿ!"

"ನಾ ಕಂಡಿಕಿ ಸುತ್ತತೀನ್ರಿ!" ಎಂದವಳು ನೀಲವ್ವನ ಮಗಳು ಶಂಕ್ರವ್ವ. ಕಂಡಿಕೆಯೆಂದರೆ ಮಗ್ಗದ ಲಾಳಿಯೊಳಗಿಡುವ ನೂಲಿನ ಸುರುಳಿ. ನಾನು ಪಾಠವನ್ನು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಅವಳು ಎದ್ದು ನಿಂತಳು.

"ಹಂಗಾದ್ರ ನಮ್ಮವ್ವ ಕೆಟ್ಟಾಕಿ ಏನ್ರಿ?"

ಹೊತ್ತಿಗೆ ಮೊದಲೇ ಗಂಟೆ ಬಾರಿಸಿಬಿಟ್ಟೆ.

ಮರುದಿನದಿಂದ ಶಂಕ್ರವ್ವ ಬರಲಿಲ್ಲ. ರೊಟ್ಟಿಯೂ ಬರಲಿಲ್ಲ. ನಾಲ್ಕನೆಯ ದಿನ ನಾನೇ ಹೋದೆ. ನೀಲವ್ವ ಮಗ್ಗ ಬಿಟ್ಟು ಏಳಲಿಲ್ಲ.

"ಈಕಿ ಅಪ್ಪಗ ಕಣ್ಣು ಮಂಜಾಗ್ಯಾವ. ಮಗಳು ಸುತ್ತಿದ್ರ ನಾ ನೇಯ್ತೀನಿ, ನೇಯ್ದ್ರ ಉಣ್ತೀವಿ. ಇದನ್ನ ಕೇಳಲಾರ್ದ ನನ್ನ ಕೆಟ್ಟಾಕಿ ಮಾಡಿದ್ರಲ್ರಿ!"

"ತಪ್ಪಾಯಿತು ನೀಲವ್ವ. ಆದರೂ ಅವಳು ಓದಲಿ, ಜಾಣೆ."

"ತಪ್ಪಾತು ಅನ್ನೂದನ್ನ ಆ ಹುಡುಗ್ಯಾರ ಮುಂದ ಅನ್ರಿ. ಆಮ್ಯಾಲ ನೋಡೂಣು."

ಅಂದೆ. ಇಡೀ ತರಗತಿಯ ಮುಂದೆ, ಕಿವಿ ಬಿಸಿಯಾಗುವಂತೆ. ಶಂಕ್ರವ್ವ ಮೊದಲು ಮಧ್ಯಾಹ್ನದ ಮೇಲೆ ಮಾತ್ರ ಬಂದಳು. ವರ್ಷ ತುಂಬುವಷ್ಟರಲ್ಲಿ ಇಡೀ ದಿನ ಬರತೊಡಗಿದಳು. ನೀಲವ್ವ ನಸುಕಿನಲ್ಲೆದ್ದು ಕಂಡಿಕೆಗಳನ್ನು ತಾನೇ ಸುತ್ತಿಡುತ್ತಿದ್ದಳು. ನನ್ನ ಬದುಕಿನಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಆಮೇಲೆ ಮೈಸೂರಿನ ತರಬೇತಿ ಶಾಲೆಯಲ್ಲಿ ಕೆಲಸ ಸಿಕ್ಕಿತು. ಕುಣಿಯುತ್ತ ನನ್ನೂರಿಗೆ ಬಂದೆ. ನನ್ನ ಜಾಗಕ್ಕೆ ಇನ್ನೊಬ್ಬರು ಸಿಗದೆ ಆ ಶಾಲೆ ಮುಚ್ಚಿತಂತೆ. ಶಂಕ್ರವ್ವ ಮತ್ತೆ ಕಂಡಿಕೆ ಸುತ್ತಲು ಕುಳಿತಳಂತೆ.

ಹೊಸ ಶಿಕ್ಷಕಿಯರಿಗೆ ಈಗ ಆ ಪಾಠವನ್ನು ನಾನೇ ತಿದ್ದಿ ಕಲಿಸುತ್ತೇನೆ. ಮೊದಲು ಮಗುವಿನ ಮನೆಗೆ ಹೋಗಿ ಬನ್ನಿ, ಆಮೇಲೆ ಬಾಯಿ ತೆರೆಯಿರಿ ಎನ್ನುತ್ತೇನೆ. ಶಂಕ್ರವ್ವನ ಕಥೆಯನ್ನೂ ಹೇಳುತ್ತೇನೆ. ಮೊನ್ನೆ ಒಬ್ಬಳು ಕೇಳಿದಳು, "ನೀವು ಅಲ್ಲೇ ಉಳಿಯಬಹುದಿತ್ತಲ್ಲ, ಮೇಡಂ?"

"ನನ್ನ ಊರು ಇದಲ್ಲವೇನಮ್ಮ?" ಎಂದೆ. ಹಾಗೆ ಅಂದದ್ದಕ್ಕೆ ನನಗೇ ನಾಚಿಕೆಯಾಯಿತು.