ಬಾವುಟದ ಪೆಟ್ಟಿಗೆಗಳ ಉಮರಬ್ಬ

ಗಲ್ಫಿನ ರುಸ್ತಾಕಿನಲ್ಲಿ ಬಡಗಿ ಕೆಲಸ ಮಾಡಿ ಮಾಡಿ ಫರಂಗಿಪೇಟೆಯ ಉಮರಬ್ಬನಿಗೆ ಸಾಕೋ ಸಾಕಾಗಿತ್ತು. ಬೆಳಿಗ್ಗೆ ಎದ್ದರೆ ಸೊಂಟ ಹಿಡಿಯುತ್ತಿತ್ತು, ಮಲಗಿದರೆ ಕೆಮ್ಮು. ಎಂಬತ್ತರ ದಶಕದ ಆರಂಭದಲ್ಲಿ ಬಂದವನು ಅಲ್ಲಿನ ಅರ್ಧ ಪೇಟೆಗೆ ಬಾಗಿಲು, ಕಿಟಕಿ, ಮಂಚ ಮಾಡಿಕೊಟ್ಟಿದ್ದ. ತಾನು ಮಾತ್ರ ವರ್ಕ್‌ಶಾಪಿನ ಹಿಂದೆ ಪ್ಲೈವುಡ್ ಹಲಗೆಯ ಮೇಲೆ ಮಲಗುತ್ತಿದ್ದ. ಇನ್ನು ಊರಿಗೆ ಹೋಗಿ ಹೆಂಡತಿ ಆಸಿಯಮ್ಮನ ಜೊತೆ ಇರಬೇಕು, ಅಷ್ಟೇ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ಗಂಡ ಅನ್ನಿಸಿಕೊಂಡು ಬರುವುದೂ ಒಂದು ಸಂಸಾರವೇ?

ಅವನ ವೀಸಾದ ಧಣಿ, ಅಂದರೆ ಕಫೀಲ್, ನಾಸರ್. ಅವನ ಸಹಿಯಿಲ್ಲದೆ ದೇಶ ಬಿಡುವಂತಿರಲಿಲ್ಲ. ಮನುಷ್ಯ ಒಳ್ಳೆಯವನೇ. ಆದರೆ ಕೈಗೆ ಸಿಕ್ಕ ಒಳ್ಳೆಯ ಬಡಗಿಯನ್ನು ಬಿಟ್ಟುಕೊಡುವಷ್ಟು ಒಳ್ಳೆಯವನಲ್ಲ. ಪ್ರತಿ ಸಲವೂ "ಇನ್‌ಷಾ ಅಲ್ಲಾಹ್, ಮುಂದಿನ ವರ್ಷ" ಎನ್ನುತ್ತಿದ್ದವನು ತೊಂಬತ್ತಮೂರರಲ್ಲಿ ಕೊನೆಗೂ ಮಾತು ಕೊಟ್ಟ. ನಿವೃತ್ತ ಸೈನಿಕರ ಒಂದು ಸಂಘದವರು ಹಿಂದೆ ಆ ದೇಶದ ದಕ್ಷಿಣದಲ್ಲಿ ನಡೆದ ಯುದ್ಧದಲ್ಲಿ ಹೋರಾಡಿ ಈಗ ತೀರಿಹೋದವರ ಮನೆಗಳಿಗೆ ನೆನಪಿನ ಬಾವುಟ ಕೊಡಲು ಹೊರಟಿದ್ದರು. ಅದನ್ನು ಇಟ್ಟು ಗೋಡೆಗೆ ತೂಗುಹಾಕಲು ಮುಂದೆ ಗಾಜಿರುವ ತೇಗದ ಪೆಟ್ಟಿಗೆಗಳು ಬೇಕಿದ್ದವು.

"ಇವಿಷ್ಟು ಮುಗಿಸು. ಆಮೇಲೆ ಖಲಾಸ್, ಊರಿಗೆ ಹೋಗು" ಎಂದ ನಾಸರ್.

ಉಮರಬ್ಬ ಜೀವ ತೇಯ್ದು ಮಾಡಿದ. ಹುಡುಕಿದರೂ ಒಂದು ಮೊಳೆ ಕಾಣುತ್ತಿರಲಿಲ್ಲ. ಸಂಘದ ಆಫೀಸಿನ ಕ್ಲಾರ್ಕ್, ಶಿರ್ವದ ಕ್ಯಾಸ್ಮಿರ್, ಪಾಲಿಶಿನ ಮೇಲೆ ಕೈಯಾಡಿಸಿ, "ಬ್ಯಾರಿಗಳೇ, ನನಗೂ ಒಂದು ಮಾಡಿಡಿ ಮಾರಾಯ್ರೆ, ಉದ್ದ ಸ್ವಲ್ಪ ಜಾಸ್ತಿ ಇರಲಿ, ಸತ್ತಾಗ ಮಲಗ್ಲಿಕ್ಕೆ" ಎಂದು ತಮಾಷೆ ಮಾಡಿದ್ದ.

ಪೆಟ್ಟಿಗೆಗಳು ಮನೆಮನೆ ಸೇರಿದವು. ನಾಸರ್ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವಷ್ಟರಲ್ಲಿ ಒಂದು ಬೇಸಿಗೆಯೇ ಕಳೆಯಿತು. ಇನ್ನೇನು ಟಿಕೆಟ್ ತೆಗೆಯಬೇಕು ಎನ್ನುವಾಗ ಕ್ಯಾಸ್ಮಿರ್ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದ. ಜುವೈನಾ, ತೀರಿಹೋದ ಸೈನಿಕನೊಬ್ಬನ ಹೆಂಡತಿ. ಅವಳ ಕೈಯಲ್ಲಿ ಉಮರಬ್ಬ ಮಾಡಿದ ಪೆಟ್ಟಿಗೆ. ಒಳಗೆ ಬಾವುಟದ ಬಿಳಿ ಪಟ್ಟಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

ಎರಡು ಸಲ ಒಗೆದು ಇಟ್ಟಳಂತೆ, ಮತ್ತೆ ಹಾಗೇ ಆಯಿತಂತೆ. ಮನೆಗೆ ಬಂದ ನೆಂಟರು, ಈ ಮನೆಯಲ್ಲಿ ಸತ್ತವನ ಬಾವುಟಕ್ಕೂ ಗತಿಯಿಲ್ಲ ಎಂದು ಆಡಿಕೊಳ್ಳುತ್ತಿದ್ದರಂತೆ. "ಕಾಫಿಯ ಹನಿ ಬಿದ್ದರೂ ದಿಶ್‌ದಾಶ್ ನಿಲುವಂಗಿ ಬದಲಿಸುತ್ತಿದ್ದ ಮನುಷ್ಯ ಅವನು. ನಾನು ದಿನವೂ ಗುಡಿಸುತ್ತೇನೆ, ಒರೆಸುತ್ತೇನೆ. ಆದರೂ ನನ್ನ ಮನೆ ಹೀಗೆ" ಎಂದಳು. ಅವಳು ಬಂದದ್ದು ಜಗಳಕ್ಕಲ್ಲ. ಬಾವುಟ ಯಾರಿಗೂ ಕಾಣದಂತೆ ಗಾಜಿನ ಮೇಲೆ ಒಂದು ಮರದ ಬಾಗಿಲು ಕೂರಿಸಿಕೊಡಬೇಕಿತ್ತು.

ಉಮರಬ್ಬ ಪೆಟ್ಟಿಗೆ ಮಗುಚಿದ. ಹಿಂಬದಿಯಲ್ಲಿ ಗಾಳಿಕಿಂಡಿಗಳು! ಬಟ್ಟೆ ಇಡುವ ಪೆಟ್ಟಿಗೆಗೆ ಕಿಂಡಿ ಬಿಡದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಎಂದು ಊರಿನ ಆಚಾರಿ ಚಿಕ್ಕಂದಿನಲ್ಲೇ ಅವನಿಗೆ ಕಲಿಸಿದ್ದರು. ಮಳೆಯೇ ಅಪರೂಪವಾದ ಊರಿನಲ್ಲಿ, ಬೂಷ್ಟಿನ ಹೆದರಿಕೆಯಿಂದ, ಅವನ ಕೈ ತನ್ನಷ್ಟಕ್ಕೆ ತೂತು ಕೊರೆದಿತ್ತು. ಬೇಸಿಗೆಯ ಗಾಳಿ ಅಲ್ಲಿಂದಲೇ ಧೂಳು ತುಂಬಿಸಿತ್ತು. ಹಾಳಾದ ಕೈ!

ಕ್ಯಾಸ್ಮಿರನಿಗೂ ಅರ್ಥವಾಯಿತು. ಕನ್ನಡದಲ್ಲಿ ಮೆಲ್ಲ ಹೇಳಿದ: "ಸುಮ್ಮನೆ ಒಂದು ಬಾಗಿಲು ಹಾಕಿಕೊಡಿ. ಬಾಯಿಬಿಟ್ಟರೆ ಎಲ್ಲ ಪೆಟ್ಟಿಗೆಯೂ ವಾಪಸ್ ಬರ್ತದೆ. ನಾಸರ್ ನಿಮ್ಮನ್ನು ಬಿಡ್ಲಿಕ್ಕುಂಟಾ?"

"ಹೌದು ಪೊರ್ಬುಗಳೇ" ಎಂದ ಉಮರಬ್ಬ, ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವಂತೆ. ಅವನಿಗೆ ಹೋಗಬೇಕಿತ್ತು. ಅಳತೆಯ ಟೇಪನ್ನು ಕೈಗೆತ್ತಿಕೊಂಡೂ ಆಯಿತು. ಅಷ್ಟರಲ್ಲಿ ಜುವೈನಾ ಬೆಂಚಿನ ಮೇಲಿದ್ದ ಮರದ ಹುಡಿಯನ್ನು ತನ್ನ ತಲೆವಸ್ತ್ರದ ತುದಿಯಿಂದ ಒರೆಸತೊಡಗಿದಳು. ತನ್ನದಲ್ಲದ ಧೂಳನ್ನೂ ಅವಳು ಒರೆಸುತ್ತಿದ್ದಳು. ಉಮರಬ್ಬನಿಗೆ ನೋಡಲಾಗಲಿಲ್ಲ.

"ಬಿಡಮ್ಮಾ" ಎಂದ ತನಗೆ ಬರುವ ಹರಕುಮುರುಕು ಅರಬಿಯಲ್ಲಿ. "ನಿನ್ನ ಮನೆ ಕೊಳಕಲ್ಲ. ತಪ್ಪು ನನ್ನದು." ಕಿಂಡಿಗಳಿಗೆ ಬೆರಳಿಟ್ಟು ತೋರಿಸಿದ.

ವಿಷಯ ತಿಳಿದ ನಾಸರ್ ಬೈಯಲಿಲ್ಲ. ಸಹಿ ಹಾಕಿದ ಕಾಗದವನ್ನು ಮೇಜಿನ ಡ್ರಾಯರಿನೊಳಗೆ ತಳ್ಳಿ ಬೀಗ ಹಾಕಿದ. ಹಳ್ಳಿಹಳ್ಳಿ ತಿರುಗಿ ಪೆಟ್ಟಿಗೆಗಳನ್ನು ತರಬೇಕು, ಬಿಚ್ಚಬೇಕು, ಹಿಂಬದಿಯ ಹಲಗೆ ಬದಲಿಸಬೇಕು. ಅಷ್ಟರಲ್ಲಿ ಬೇರೆ ಆರ್ಡರುಗಳೂ ಬಂದು ಬೀಳುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಶುಕ್ರವಾರ ಉಮರಬ್ಬ ಊರಿಗೆ ಫೋನ್ ಮಾಡಿದ. ಆಸಿಯಮ್ಮ ಫೋನಿದ್ದ ಪಕ್ಕದ ಮನೆಗೆ ಓಡಿ ಬಂದು ಏದುಸಿರಿನಲ್ಲೇ, "ಯಾವ ತಾರೀಕಿಗೆ?" ಎಂದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಈ ವರ್ಷ ಆಗುವುದಿಲ್ಲ, ಬರುವ ವರ್ಷದ ಮಾತೂ ಕೊಡಲಾರೆ ಎಂದ.

ಆ ಕಡೆಯಿಂದ ಆಸಿಯಮ್ಮ ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಆ ಹೆಂಗಸಿನದ್ದು ಮೊದಲು ಮಾಡಿಕೊಡಿ" ಎಂದಳು. "ಪಾಪ, ನನ್ನ ಹಾಗೆ ದಾರಿ ಕಾಯ್ಲಿಕ್ಕಾದರೂ ಅವಳಿಗೆ ಯಾರಿದ್ದಾರೆ?"