ಮಲಗುವ ಕೋಣೆಯಲ್ಲಿದ್ದ ಬಾವಿ

ಗೆಳೆಯರೇ, ಇವತ್ತು ಮಲ್ಕಾಜ್‌ಗಿರಿಯ ನಮ್ಮ ಬಾಡಿಗೆ ಮನೆಗೆ ಇತಿಹಾಸ ಓದುವ ಇಬ್ಬರು ಬೀದರ್ ಹುಡುಗಿಯರು ಬಂದಿದ್ದರು. ಪತ್ರಾಗಾರದಲ್ಲಿ ಸಿಕ್ಕ ಹಳೆಯ ಉರ್ದು ನಕಾಶೆಯ ಪ್ರತಿ ಹಿಡಿದು ನಮ್ಮ ಓಣಿಯನ್ನು ತಾಳೆ ನೋಡುತ್ತಿದ್ದರು.

“ಅಕ್ಕಾರ, ನಿಮ್ಮ ಬೆಡ್‌ರೂಮ್ ಇದ್ದಲ್ಲೇ ಬಾವಿ ಇತ್ರಿ,” ಎಂದಳು ಒಬ್ಬಳು.

ನನ್ನ ಮಗು ಮಲಗಿದ್ದು ಅಲ್ಲೇ. ಓಡಿಹೋಗಿ ಎತ್ತಿಕೊಂಡೆ. “ಗಟ್ಟಿಯಾಗಿ ಮುಚ್ಚಿದ್ದಾರೇನಮ್ಮಾ?”

“ಅದು ಇದರಾಗ ಇಲ್ರಿ. ಆಗ ಓಣಿ ಹೆಣ್ಮಕ್ಳೆಲ್ಲ ನೀರಿಗಿ ಇಲ್ಲೇ ಕೂಡ್ತಿದ್ರು ನೋಡ್ರಿ.”

ಮಗುವಿಗಾಗಿ ರಾತ್ರಿಯೆಲ್ಲ ನಾನೊಬ್ಬಳೇ ಎದ್ದು ಕೂರುವ ಕೋಣೆಯಲ್ಲಿ ಅಷ್ಟು ಜನ! ಹೆದರಿಕೆಯಲ್ಲೂ ಅವರ ಗಲಗಲ ಕೇಳಿಸಿದಂತಾಯಿತು.

“ಏ, ಉಲ್ಟಾ ಹಿಡ್ದಿ ನೋಡಲೇ!” ಎಂದು ಇನ್ನೊಬ್ಬಳು ನಕಾಶೆ ತಿರುಗಿಸಿದಳು. ಬಾವಿ ರೈಲು ಹಳಿಯ ಆಚೆಗೆ ಹೋಯಿತು.

ಮಗುವಿಗೆ ಅಪಾಯವಿಲ್ಲ. ಆದರೆ ಆ ಹೆಂಗಸರೂ ಕೊಡ ಎತ್ತಿಕೊಂಡು ಹೊರಟೇಹೋದರು. ಒಬ್ಬಳಾದರೂ ಚಹಾಕ್ಕೆ ನಿಲ್ಲಬಾರದಿತ್ತೇ?