ಬಹರೈನಿನಿಂದ ನಾಲ್ಕೇ ಗಂಟೆ

ಆ ವರ್ಷ ಬೇಸಿಗೆಯಿಡೀ ಕಟಪಾಡಿಯ ಕುಶಲಾಳಿಗೆ "ನಾಲ್ಕೇ ಗಂಟೆ" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಹೇಳುತ್ತಿದ್ದವನು ಅವಳ ಮೈದುನ ಶೀನ. ವಿಮಾನವನ್ನು ಕತ್ತೆತ್ತಿ ನೋಡಿದ್ದು ಬಿಟ್ಟರೆ ಅದರ ಮೆಟ್ಟಿಲನ್ನೂ ಮುಟ್ಟದ ಆಸಾಮಿ. ಮಾತು ಮಾತ್ರ ಪೈಲಟನದ್ದು!

"ಬಹರೈನಿನಿಂದ ಬೊಂಬಾಯಿಗೆ ನಾಲ್ಕೇ ಗಂಟೆ ಅತ್ತಿಗೆ! ನಿಮ್ಮ ತಮ್ಮ ಶುಕ್ರವಾರ ರಾತ್ರಿ ಹತ್ತಿದರೆ ಶನಿವಾರ ಬೆಳಿಗ್ಗೆ ಬೊಂಬಾಯಿ. ಆದಿತ್ಯವಾರ ಮಧ್ಯಾಹ್ನ ಧಾರೆ. ಇನ್ನೆಂತ ಬೇಕು?"

"ಬೊಂಬಾಯಿಯಿಂದ ಇಲ್ಲಿಗೆ ಎಂತ, ನಡೆದು ಬರುವಷ್ಟು ಹತ್ತಿರವಾ? ಸಂಜೆ ಬಸ್ಸು ಹತ್ತಿದರೆ ಇಳಿಯುವಾಗ ಮರುದಿನ ಸಂಜೆ ಆಗುತ್ತದೆ ಮಾರಾಯ!"

"ಮಂಗಳೂರಿನ ಬಜಪೆಗೆ ವಿಮಾನ ಉಂಟಲ್ವಾ? ನಿಮಗೆ ಅದೆಲ್ಲ ಗೊತ್ತಾಗುವುದಿಲ್ಲ, ಬಿಡಿ."

ಅವಳು ಬಿಟ್ಟಳು. ಮಗಳ ಮದುವೆಗೆ ದಿನ ಗೊತ್ತು ಮಾಡಿದವನು ಶೀನನೇ. ಗಂಡ ಸತ್ತವಳು ಮುಹೂರ್ತದ ಮಾತಿನಲ್ಲಿ ಬಾಯಿ ಹಾಕಬಾರದಂತೆ! ಮಗಳು ಮನೋರಮಾ ಇನ್ನೂ ತೊದಲುತ್ತಿದ್ದಾಗ ಗಂಡ ಹೋದ. ಅಂದಿನಿಂದ ಬೀಡಿ ಕಟ್ಟಿ ಸಾಕಿದವಳು ಕುಶಲಾ. ಶೀನ ಆ ವರ್ಷಗಳಲ್ಲಿ ಇತ್ತ ತಲೆ ಹಾಕಿಯೂ ಮಲಗಿದವನಲ್ಲ. ಬೆನ್ನಿಗೆ ನಿಂತವನು ಬಹರೈನಿನಲ್ಲಿ ದುಡಿಯುವ ತಮ್ಮ ದೇವದಾಸನೊಬ್ಬನೇ. ಅವರ ಕಡೆ ಧಾರೆ ಎರೆಯುವುದು ಸೋದರಮಾವನ ಹಕ್ಕು. ಮಗಳ ಕೈಗೆ ಅವನೇ ನೀರು ಬಿಡಬೇಕೆಂಬುದು ಅವಳ ಒಂದೇ ಆಸೆ. ಅವನು ಬಾರದಿದ್ದರೆ ಧಾರೆ ನೀರಿನ ಗಿಂಡಿ ಶೀನನ ಕೈಗೆ ಹೋಗುತ್ತಿತ್ತು.

ಶನಿವಾರ ಮಧ್ಯಾಹ್ನ ದೇವದಾಸನ ತಂತಿ ಬಂತು: ಬಜಪೆಯ ವಿಮಾನದಲ್ಲಿ ಸೀಟಿಲ್ಲ, ಸಂಜೆಯ ಬಸ್ಸಿನಲ್ಲಿ ಬರುತ್ತೇನೆ.

ಕುಶಲಾ ಹಣೆ ಚಚ್ಚಿಕೊಂಡಳು. ಶೀನನಿಗೆ ನಾಚಿಕೆಯಾಯಿತೇ? ಅಯ್ಯೋ, ಎಲ್ಲಿಯ ನಾಚಿಕೆ! "ಬಸ್ಸಿನವರು ನಿಧಾನ ಮಾಡಿದರೆ ನಾನೆಂತ ಮಾಡಲಿ?" ಎಂದ.

ಆದಿತ್ಯವಾರ ಚಪ್ಪರ ತುಂಬಿತು. ಕುಶಲಾ ಅಡುಗೆಮನೆಯ ಬಾಗಿಲಿನ ಮರೆಯಲ್ಲಿ ನಿಂತಿದ್ದಳು. ಭಟ್ಟರು ಸೋದರಮಾವನನ್ನು ಕರೆದರು. ಶೀನ ಜರಿಶಾಲು ಕೊಡವಿಕೊಂಡು ಎದ್ದೇಬಿಟ್ಟ.

"ಅವನಿಲ್ಲ ಭಟ್ರೇ. ಚಿಕ್ಕಪ್ಪ ನಾನಿದ್ದೇನಲ್ಲ, ಎರೆಯುತ್ತೇನೆ."

ಕುಶಲಾ ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ಮಂಟಪಕ್ಕೆ ನಡೆದು ಗಿಂಡಿ ಎತ್ತಿಕೊಂಡಳು.

"ಅತ್ತಿಗೆ, ಇದೆಂತ ಮಾಡುತ್ತೀರಿ? ಗಂಡ ಇಲ್ಲದವರು ಶುಭಕಾರ್ಯಕ್ಕೆ ಕೈ ಹಾಕಬಾರದು. ಶಾಸ್ತ್ರ ಉಂಟು!"

"ಇಷ್ಟು ವರ್ಷ ಇದೇ ಕೈಯಲ್ಲಿ ಇವಳಿಗೆ ಅನ್ನ ಹಾಕಿದೆ. ಆಗ ನಿನ್ನ ಶಾಸ್ತ್ರ ಬಂದು ಬಟ್ಟಲು ಹಿಡಿದಿತ್ತಾ? ಈಗ ಒಂದು ಗಿಂಡಿ ನೀರಿಗೆ ಅಡ್ಡ ಬರುತ್ತದಾ?"

ಭಟ್ಟರು ಮದುಮಗನ ಕಡೆಯವರ ಮುಖ ನೋಡಿದರು. ಅಷ್ಟರಲ್ಲಿ ಮನೋರಮಾ ಗಂಡಿನ ಕೈಯ ಮೇಲಿಟ್ಟಿದ್ದ ತನ್ನ ಕೈಯನ್ನು, ಅವನ ಕೈಯ ಸಮೇತ, ತಾಯಿಯ ಕಡೆಗೆ ತಿರುಗಿಸಿದಳು.

"ಎರೆಯಮ್ಮಾ," ಎಂದಳು. "ನನಗೆ ಅಪ್ಪನೂ ನೀನೇ ಅಲ್ವಾ."

ಕುಶಲಾ ಎರೆದಳು.